ಮೆಟ್ಟಿಲ ಮೇಲೆ ಸುಮ್ಮನೆ ಕೂತವಳು

ನಾಲ್ಕು ತಿಂಗಳಿಂದ ಮಾಸ್ತರು ತಮ್ಮ ಹೊಲಿಗೆ ಅಂಗಡಿಯ ಬಾಗಿಲನ್ನು ಒಂದು ಗಂಟೆ ಮುಂಚೆ ತೆಗೆಯುತ್ತಿದ್ದರು. ಸ್ವಂತ ಅಂಗಡಿ, ಸ್ವಂತ ಬೀಗ. ಆದರೂ ಕಳ್ಳನ ಹಾಗೆ ಬೀದಿಯ ಆ ಕೊನೆ ಈ ಕೊನೆ ನೋಡಿಯೇ ಒಳಗೆ ಹೋಗುತ್ತಿದ್ದರು. ಹಿಂದಿನ ದಿನ ತಮ್ಮಲ್ಲಿ ಹೊಲಿಯುವ ಕಾಜಕ್ಕ ಮುಗಿಸಿಟ್ಟ ಅಂಗಿ, ಕೋಟುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಅವಳು ಗುಂಡಿಯ ಕಿಂಡಿಗೆ ಹಾಕಿದ ಕಾಜಾದ ನೂಲನ್ನು ಬ್ಲೇಡಿನ ತುದಿಯಿಂದ ಎಳೆ ಎಳೆಯಾಗಿ ಬಿಚ್ಚಿ, ಅದೇ ಕಿಂಡಿಯ ಸುತ್ತ ಅದೇ ಬಣ್ಣದ ರೇಷ್ಮೆ ನೂಲಿನಲ್ಲಿ ತಾವೇ ಮತ್ತೆ ಹೊಲಿಯುತ್ತಿದ್ದರು. ಬಿಚ್ಚಿದ ನೂಲಿನ ಚೂರುಗಳನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಎಲ್ಲಾದರೂ ಎಸೆಯುತ್ತಿದ್ದರು. ಅಂಗಡಿಯ ಕಸದ ಡಬ್ಬಿಗೆ ಹಾಕುವ ಹಾಗಿರಲಿಲ್ಲ. ಆ ಡಬ್ಬಿ ಖಾಲಿ ಮಾಡುವವಳೂ ಕಾಜಕ್ಕನೇ.

ಮೂವತ್ತೊಂದು ವರ್ಷದಿಂದ ಅವಳು ಆ ಕಟ್ಟಡದ ಮೆಟ್ಟಿಲಿನ ತಿರುವಿನಲ್ಲಿ ಕೂತು ಹೊಲಿಯುತ್ತಿದ್ದಳು. ಅಂಗಡಿ ಕೆಳಗೆ, ಮೇಲಿನ ಮಹಡಿಯಲ್ಲಿ ಬಾಡಿಗೆಯವರು, ನಡುವೆ ಮೆಟ್ಟಿಲು ತಿರುಗುವ ಜಾಗದಲ್ಲಿ ಒಂದು ದೊಡ್ಡ ಕಿಟಕಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಅಲ್ಲಿ ಬೀಳುವಂಥ ಬೆಳಕು ಆ ಬೀದಿಯಲ್ಲೇ ಇನ್ನೊಂದು ಕಡೆ ಇರಲಿಲ್ಲ. ಒಂದು ಮಣೆ, ಒಂದು ದಿಂಬು, ಸೂಜಿ ಚುಚ್ಚಿದ ಹಳೇ ಸ್ಪಾಂಜು, ಬೆರಳಿಗೆ ಹಿತ್ತಾಳೆಯ ಟೋಪಿ. ಹತ್ತಿ ಇಳಿಯುವವರೆಲ್ಲ ಅವಳ ಮೊಣಕಾಲು ದಾಟಿಯೇ ಹೋಗಬೇಕು. ಯಾರಿಗೂ ಬೇಸರವಿರಲಿಲ್ಲ. ಅಂಗಿಯ ಗುಂಡಿ ಕಿತ್ತು ಬಂದವರು ನಿಂತ ನಿಲುವಿನಲ್ಲೇ ಹಾಕಿಸಿಕೊಂಡು ಹೋಗುತ್ತಿದ್ದರು. ಅವಳಿಗೆ ಹಿಂದೂ ಇಲ್ಲ, ಮುಂದೂ ಇಲ್ಲ. ಕಟ್ಟಡದ ಹಿಂಬದಿಯ ಒಂದು ಕೋಣೆಯೇ ಸಂಸಾರ. ನಿಜವಾದ ಹೆಸರೇನೆಂದು ಮಾಸ್ತರಿಗೇ ಜ್ಞಾಪಕವಿರಲಿಲ್ಲ. ಅವಳು ಬಂದ ಮೊದಲ ವಾರವೇ ಯಾರೋ ಕಾಜಕ್ಕ ಅಂದರು, ಅಂಟಿಕೊಂಡಿತು. ಅವಳು ಮಾಸ್ತರನ್ನು ‘ತಮ್ಮ’ ಎನ್ನುತ್ತಿದ್ದಳು. ಮಾಲೀಕನನ್ನು ಹಾಗೆ ಕರೆಯುವುದೇ ಎಂದು ಆಗಿನ ಕಾಲದ ಗಿರಾಕಿಯೊಬ್ಬರು ಮೂಗು ಮುರಿದಾಗ, “ಕೂಲಿ ಕೊಡೋವಾಗ ಮಾಲೀಕ, ಮಿಕ್ಕ ಹೊತ್ತು ತಮ್ಮ” ಎಂದು ಅವರ ಬಾಯಿ ಮುಚ್ಚಿಸಿದ್ದಳು.

ಅಂಥವಳ ಕೈ ಈಚೆಗೆ ಸಡಿಲವಾಗಿತ್ತು. ಮೊದಲು ಗೊತ್ತಾದದ್ದು ವಕೀಲರ ಕೋಟಿನಲ್ಲಿ. ಕೋರ್ಟಿನಲ್ಲಿ ಎದ್ದು ನಿಂತು ಕೋಟು ಸರಿಮಾಡಿಕೊಳ್ಳಲು ಹೋದರೆ ಕಾಜಾ ಪೂರ್ತಿ ಬಿಚ್ಚಿಕೊಂಡು ನೂಲು ಇಲಿಬಾಲದ ಹಾಗೆ ನೇತಾಡಿತಂತೆ. ವಕೀಲರು ಬಂದು ಅಂಗಡಿಯಲ್ಲಿ ಆಡಿದ ಮಾತು ಮೆಟ್ಟಿಲ ತಿರುವಿಗೆ ಕೇಳಿಸದಿರಲಿ ಎಂದು ಮಾಸ್ತರು ಮೆಷಿನ್ನು ತುಳಿಯುತ್ತಲೇ ಇದ್ದರು, ಸೂಜಿಯ ಕೆಳಗೆ ಬಟ್ಟೆಯೇ ಇಲ್ಲದೆ.

ಅಂಗಡಿಯ ಅರ್ಧ ಭಾರ ಹೊತ್ತಿದ್ದ ಮಗಳು, ಕಾಜಕ್ಕನನ್ನು ಅತ್ತೆ ಎನ್ನುವವಳು, ಅಂದೇ ಹೇಳಿದಳು. “ಅಪ್ಪಾ, ಕಾಜಾ ಮೆಷಿನ್ ತರಿಸೋಣ. ಅತ್ತೆಗೆ ಬೇರೆ ಏನಾದರೂ ಕೆಲಸ ಕೊಡೋಣ. ನೀನೇ ಹೇಳಿಬಿಡು.”

“ಹೇಳ್ತೀನಿ.”

“ಯಾವಾಗ?”

“ಹೇಳ್ತೀನಿ ಅಂದೆನಲ್ಲ! ಅವಳೇನು ಹಳೇ ಇಸ್ತ್ರಿ ಪೆಟ್ಟಿಗೇನಾ, ಪಕ್ಕಕ್ಕೆ ಇಡು ಅಂದ ತಕ್ಷಣ ಇಡೋಕೆ?”

ಹೇಳಲಿಲ್ಲ. ಅದರ ಬದಲು ಬ್ಲೇಡು ಹಿಡಿದರು. ಮಗಳಿಗೂ ಈ ಗುಟ್ಟು ಬಿಟ್ಟುಕೊಡಲಿಲ್ಲ. ಬೆಳಿಗ್ಗೆ ಬಿಚ್ಚಿ ಹೊಲಿದ ಬಟ್ಟೆಯನ್ನೇ ಮಧ್ಯಾಹ್ನ ಕಾಜಕ್ಕನ ಎದುರಿಗೆ ಬೆಳಕಿಗೆ ಹಿಡಿದು, “ನೋಡು ಅಕ್ಕ, ಇದು ಕೈ ಅಂದರೆ!” ಎಂದು ಹೊಗಳುತ್ತಿದ್ದರು. ಮೊದಮೊದಲು ಇದು ದೊಡ್ಡ ಉಪಕಾರದ ಹಾಗೆ ಕಂಡಿತ್ತು. ಬರುಬರುತ್ತಾ ಬೆನ್ನು ನೋಯತೊಡಗಿತು, ಕಣ್ಣು ಉರಿಯತೊಡಗಿತು. ಬೆನ್ನು ನೋಯುವಾಗ ಉಪಕಾರದ ಮೇಲೆ ಸಿಟ್ಟು ಬರುತ್ತದೆ. ಅವರಿಗೂ ಬಂತು.

ಆ ಹೊತ್ತಿಗೆ ಸರಿಯಾಗಿ ಫಾರಂ ತುಂಬಿಸುವ ಹುಡುಗಿಯೊಬ್ಬಳು ಬಂದಳು. ನಗರದ ಕಚೇರಿಯಿಂದ ಬಂದವಳು, ಭುಜಕ್ಕೆ ಚೀಲ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆಗಳು. ಅಲೆದು ಅಲೆದು ಮುಖ ಬಾಡಿತ್ತು. ಮಾಸ್ತರು ಕುರ್ಚಿ ಕೊಟ್ಟು, ನೀರು ಕೊಟ್ಟರು. ಮಗಳು ನೂಲು ತರಲು ಪೇಟೆಗೆ ಹೋಗಿದ್ದಳು.

“ಬೀದಿಬೀದಿಗೂ ಹೋಗಿ ಸಾಮಾಜಿಕ ಸಮಸ್ಯೆ ಬರ್ಕೊಂಡು ಬನ್ನಿ ಅಂದಿದ್ದಾರೆ ಮಾಸ್ತರೇ,” ಎಂದು ಅವಳು ಹಾಳೆ ತೋರಿಸಿದಳು. ಎಡಗಡೆ ವಯಸ್ಸು: ಸೊನ್ನೆಯಿಂದ ಆರು, ಆರರಿಂದ ಹದಿನಾಲ್ಕು, ಹಾಗೇ ಏಣಿಯ ಮೆಟ್ಟಿಲಿನಂತೆ ಇಳಿದು ಕೊನೆಗೆ ಅರವತ್ತೈದರ ಮೇಲೆ. ಪ್ರತಿಯೊಂದು ವಯಸ್ಸಿನ ಎದುರಿಗೆ ಅದರದರ ಸಮಸ್ಯೆ. ಮಕ್ಕಳಿಗೆ ಶಾಲೆ ಬಿಟ್ಟದ್ದು, ಹರೆಯದವರಿಗೆ ಅಡ್ಡದಾರಿ, ನಡುವಯಸ್ಸಿಗೆ ಕುಡಿತ, ಮುದುಕರಿಗೆ ಒಂಟಿತನ, ನಿರ್ಗತಿಕತನ. ಎಲ್ಲ ಮೊದಲೇ ಅಚ್ಚಾಗಿ ಬಂದಿದ್ದವು. ಮನುಷ್ಯರನ್ನು ಹುಡುಕಿ ತುಂಬುವುದಷ್ಟೇ ಬಾಕಿ.

ಮಾಸ್ತರು ನಕ್ಕರು. “ರೆಡಿಮೇಡ್ ಅಂಗಡಿ ಲೆಕ್ಕ ಆಯ್ತಲ್ಲಮ್ಮ ಇದು. ಮೊದಲು ಅಂಗಿ ಹೊಲಿದಿಟ್ಟು, ಆಮೇಲೆ ಮೈ ಹುಡುಕೋದು.”

“ನೀವು ನಗ್ತೀರಿ. ಈ ಬೀದೀಲಿ ನನಗೆ ಒಂದೂ ಸಿಕ್ಕಿಲ್ಲ. ಎಲ್ಲಾರೂ ಚೆನ್ನಾಗಿದ್ದೀವಿ ಅಂತಾರೆ. ಇಡೀ ಬೀದಿಗೆ ಸೊನ್ನೆ ಬರೆದು ಹೋದರೆ, ಮನೇಲಿ ಕೂತು ತುಂಬಿದೀಯ ಅಂತ ನಮ್ಮ ಸಾಹೇಬ್ರು ಉಗೀತಾರೆ.” ನೀರು ಕುಡಿದು ಲೋಟ ಕೆಳಗಿಟ್ಟಳು. “ವಯಸ್ಸಾದವರು ಯಾರೂ ಇಲ್ವಾ? ಇದ್ದರೆ ಅವರಿಗೂ ಒಳ್ಳೇದು. ಸರ್ಕಾರದಿಂದ ಏನೇನೋ ಸಹಾಯ ಇದೆ ಈಗ.”

ಸಹಾಯ ಎಂಬ ಮಾತು ಕಿವಿಗೆ ಬಿದ್ದದ್ದೇ ಮಾಸ್ತರ ಕಣ್ಣು ಮೆಟ್ಟಿಲ ಕಡೆ ಹೋಯಿತು. ಕಾಜಕ್ಕ ಅಲ್ಲಿ ಕಾಣುತ್ತಿರಲಿಲ್ಲ. ಹಿಂಬದಿಯ ನಲ್ಲಿಯಲ್ಲಿ ಬಿಂದಿಗೆ ತುಂಬುತ್ತಿದ್ದ ಸದ್ದು ಕೇಳುತ್ತಿತ್ತು.

“ಒಬ್ಬಳಿದ್ದಾಳೆ,” ಎಂದರು.

“ವಯಸ್ಸು?”

“ಎಪ್ಪತ್ತು ಆಗಿರಬೇಕು.”

“ನೋಡಿಕೊಳ್ಳೋರು?”

“ಯಾರೂ ಇಲ್ಲ.”

“ಕೆಲಸ ಏನಾದರೂ?”

ಇಲ್ಲಿ ಮಾಸ್ತರು ತಡೆದರು. ಅದನ್ನು ಅವರು ಆಮೇಲೆ ಎಷ್ಟೋ ಸಲ ನೆನೆದರು. ತಡೆದದ್ದು ಹೌದು, ಉಗುಳು ನುಂಗುವಷ್ಟು ಹೊತ್ತು. ಹುಡುಗಿ ಲೇಖನಿ ಎತ್ತಿ ಹಿಡಿದು, “ಕೆಲಸ ಇದ್ದರೆ ಈ ಸಾಲಿಗೆ ಬರಲ್ಲ ನೋಡಿ. ದುಡಿಯೋರು ಅಂದರೆ ಸಮಸ್ಯೆ ಅಲ್ಲ” ಎಂದಳು.

“ಕೆಲಸ ಏನಿಲ್ಲ,” ಎಂದರು ಮಾಸ್ತರು. “ಮೆಟ್ಟಿಲ ಮೇಲೆ ಸುಮ್ಮನೆ ಕೂತಿರ್ತಾಳೆ.”

ಹುಡುಗಿ ಬರೆದುಕೊಂಡಳು. ಮಾಹಿತಿ ಕೊಟ್ಟವರ ಸಹಿ ಬೇಕೆಂದಳು, ಮಾಸ್ತರು ಹಾಕಿದರು. ಅಳತೆ ಪುಸ್ತಕದಲ್ಲಿ ದಿನಕ್ಕೆ ಹತ್ತು ಸಲ ಹಾಕುವ ಸಹಿಯೇ.

ಸರ್ಕಾರದಿಂದ ತಿಂಗಳಿಗಿಷ್ಟು ಅಂತ ಬಂದರೆ ಅವಳೇ ಹೊಲಿಗೆ ಬಿಟ್ಟಾಳು, ನಾನು ಬಾಯಿಬಿಟ್ಟು ಹೇಳುವುದು ತಪ್ಪೀತು, ಅವಳಿಗೂ ಮಾನ, ನನಗೂ ನೆಮ್ಮದಿ. ಹೀಗೆ ಲೆಕ್ಕ ಹಾಕಿಕೊಂಡರು. ಆ ದಿನ ಮಧ್ಯಾಹ್ನ ಊಟ ಕೂಡ ರುಚಿಯಾಗಿತ್ತು.

ಮೂರು ವಾರ ಕಳೆದ ಮೇಲೆ ಹಣ ಬರಲಿಲ್ಲ, ವ್ಯಾನು ಬಂತು. ಚಳಿ ಹೆಚ್ಚಾಗಿದೆ, ದಿಕ್ಕಿಲ್ಲದ ಮುದುಕರನ್ನೆಲ್ಲ ಆಶ್ರಯ ಕೇಂದ್ರಕ್ಕೆ ಸೇರಿಸುತ್ತಿದ್ದೇವೆ ಎಂದು ಇಬ್ಬರು ಹೆಂಗಸರು ಇಳಿದರು. ಸೀದಾ ಮೆಟ್ಟಿಲು ಹತ್ತಿದರು. ಫಾರಂನಲ್ಲಿ ಅವಳ ವಿಳಾಸವೂ ಹಾಗೇ ಇತ್ತು: ಮೆಟ್ಟಿಲು. ಮಾಸ್ತರು ಆಗ ಕೋಟಿನ ಬಟ್ಟೆ ಕತ್ತರಿಸುತ್ತಿದ್ದರು. ಮೇಲೆ ಆಡಿದ ಮಾತೆಲ್ಲ ಕೇಳಿಸುತ್ತಿತ್ತು.

“ಏಳಮ್ಮ, ಡಾಕ್ಟರು ನೋಡ್ತಾರೆ. ಬಿಸಿ ಊಟ, ಹೊದಿಕೆ, ಎಲ್ಲಾ ಇದೆ.”

“ನನಗೇನಾಗಿದೆ ಡಾಕ್ಟರು ನೋಡೋಕೆ? ಕೈಯಲ್ಲಿ ಕೆಲಸ ಇದೆ, ಕಾಣಲ್ವಾ?”

“ಆಯ್ತಮ್ಮ, ಆಯ್ತು. ಕೆಲಸ ಆಮೇಲೆ ಮಾಡುವಿರಂತೆ.” ಮಗುವಿಗೆ ಹೇಳುವ ದನಿ ಅದು.

ಹೊರಗೆ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕತ್ತರಿ ಬಟ್ಟೆಯ ನಡುವೆ ಇದೆ, ಈಗ ನಿಲ್ಲಿಸಿದರೆ ಅಂಚು ಸೊಟ್ಟಗಾಗುತ್ತದೆ ಎಂದು ಮಾಸ್ತರು ತಮಗೆ ತಾವೇ ಹೇಳಿಕೊಂಡರು. ನಲವತ್ತು ವರ್ಷ ಕತ್ತರಿ ಹಿಡಿದವರು, ನಿಲ್ಲಿಸಿದರೆ ಸೊಟ್ಟಗಾಗುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಕ್ಕಪಕ್ಕದವರು ಬಾಗಿಲಿಗೆ ಬಂದು, ಪರವಾಗಿಲ್ಲ, ಸರ್ಕಾರ ಒಳ್ಳೇ ಕೆಲಸ ಮಾಡ್ತಿದೆ ಎಂದು ಮಾತಾಡಿಕೊಂಡರು. ಕಾಜಕ್ಕ ಕೆಳಗಿಳಿದು ವ್ಯಾನು ಹತ್ತುವ ಮುಂಚೆ ಅಂಗಡಿಯೊಳಗೆ ತಲೆ ಹಾಕಿದಳು. ಬೆರಳಿನ ಟೋಪಿ ಇನ್ನೂ ಬೆರಳಲ್ಲೇ ಇತ್ತು.

“ತಮ್ಮಾ, ಏನೋ ಆಸ್ಪತ್ರೆಗಂತೆ, ಇವರ ಹತ್ರ ಬಾಯಿ ಬಡ್ಕೊಳ್ಳೋರು ಯಾರು? ಹೋಗಿ ಬರ್ತೀನಿ. ಆ ನೀಲಿ ಕೋಟಿಗೆ ಮೂರು ಕಾಜಾ ಬಾಕಿ ಇದೆ. ಬಂದು ಹಾಕ್ತೀನಿ, ನೀನು ಮುಟ್ಟಬೇಡ.”

“ಹೂಂ ಅಕ್ಕ,” ಎಂದರು ಮಾಸ್ತರು. ತಲೆ ಎತ್ತಲಿಲ್ಲ.

ಹನ್ನೊಂದು ದಿನವಾಯಿತು. ಮೆಟ್ಟಿಲ ತಿರುವಿನಲ್ಲಿ ಮಣೆಯಿತ್ತು, ದಿಂಬಿತ್ತು. ಹತ್ತಿ ಇಳಿಯುವವರು ಈಗಲೂ ರೂಢಿಯ ಮೇಲೆ ಅಲ್ಲಿ ಕಾಲು ಎತ್ತಿ ಅಗಲಕ್ಕೆ ಹಾಕುತ್ತಿದ್ದರು. ಮಾಸ್ತರು ಬೆಳಿಗ್ಗೆ ಬೇಗ ಬರುವ ಅಗತ್ಯವಿರಲಿಲ್ಲ, ಆದರೂ ನಿದ್ದೆ ಬೇಗ ಬಿಡುತ್ತಿತ್ತು. ಬೇರೆ ಬಟ್ಟೆಗಳ ಕಾಜಾ ತಾವೇ ಹೊಲಿದರು. ನೀಲಿ ಕೋಟಿಗೆ ಮಾತ್ರ ಕೈ ಹೋಗಲಿಲ್ಲ. ಕೋಟಿನ ಗಿರಾಕಿ ಎರಡು ಸಲ ಬಂದು ಹೋದರು, ಮಾಸ್ತರು “ನಾಳೆ” ಎಂದರು. ಮೂರನೇ ಸಲವೂ “ನಾಳೆ” ಎಂದಾಗ ಮಗಳು ಟೇಪನ್ನು ಕತ್ತಿಗೆ ಹಾಕಿಕೊಂಡು ಎದುರಿಗೆ ಬಂದು ನಿಂತಳು.

“ಆಶ್ರಯ ಕೇಂದ್ರಕ್ಕೆ ಫೋನ್ ಮಾಡಿದ್ದೆ. ಅತ್ತೆಗೆ ಕೆಲಸ ಇಲ್ಲ ಅಂತ ಅವರಿಗೆ ಯಾರು ಹೇಳಿದ್ದು ಅಪ್ಪಾ?”

ಮಾಸ್ತರು ಸೂಜಿಗೆ ನೂಲು ಪೋಣಿಸುತ್ತಿದ್ದರು. ಪೋಣಿಸಿದ ನೂಲನ್ನೇ ತೆಗೆದು ಮತ್ತೆ ಪೋಣಿಸಿದರು.

“ನೀನೇ ಅಲ್ವಾ?”

“ಒಳ್ಳೇದಾಗಲಿ ಅಂತ...”

“ಯಾರಿಗೆ?” ಎಂದಳು ಮಗಳು. ದನಿ ತಗ್ಗಿಸಿ, “ನಾನು ಹೇಳು ಅಂದೆ ಅಪ್ಪಾ. ಕಳಿಸು ಅನ್ನಲಿಲ್ಲ” ಎಂದಳು.

ಮಾರನೇ ದಿನ ಬೆಳಿಗ್ಗೆ ಮಾಸ್ತರು ನೀಲಿ ಕೋಟನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಕೋಟನ್ನೇಕೆ ಒಯ್ದರೆಂದರೆ, ಬರಿಗೈಯಲ್ಲಿ ಅವಳ ಮುಖ ನೋಡುವ ಧೈರ್ಯವಿರಲಿಲ್ಲ.

ಆಶ್ರಯ ಕೇಂದ್ರ ಚೊಕ್ಕಟವಾಗಿತ್ತು. ಉದ್ದದ ಕೋಣೆ, ಒಂದೇ ಬಣ್ಣದ ಹೊದಿಕೆ, ಸಾಲು ಮಂಚ. ಮಂಚದ ಮೇಲೆ ಕೂತವರೆಲ್ಲ ಬಾಗಿಲ ಕಡೆಗೇ ನೋಡುತ್ತಿದ್ದರು. ಕಾಜಕ್ಕ ಅವರನ್ನು ಕಂಡವಳೇ ಎದ್ದು ಬಂದಳು. ಬೆರಳು ಬರಿದಾಗಿತ್ತು.

“ಅಂತೂ ಬಂದೆಯಲ್ಲ ತಮ್ಮ! ಬಾ, ಬಾ. ಇವರದೊಂದು ಕಥೆ ಕೇಳು. ಊಟ ಆದ ಮೇಲೆ ಮಧ್ಯಾಹ್ನ ಮಲಗಿಸ್ತಾರೆ, ನನ್ನನ್ನ! ತೊಟ್ಟಿಲಲ್ಲಿದ್ದಾಗಲೂ ನಾನು ಮಧ್ಯಾಹ್ನ ಮಲಗಿದೋಳಲ್ಲ ಅಂತಿದ್ದಳು ನಮ್ಮಮ್ಮ. ಸೂಜಿ ಕೇಳಿದರೆ, ಚುಚ್ಚಿಕೊಂಡುಬಿಡ್ತೀಯ ಅಜ್ಜಿ ಅಂತಾರೆ. ಟೋಪೀನೂ ತೆಗೆದಿಟ್ಟುಕೊಂಡಿದ್ದಾರೆ, ನುಂಗಿಬಿಡ್ತೀನಿ ಅಂತ ಇರಬೇಕು.” ನಕ್ಕು, ಅವರ ತೋಳು ಹಿಡಿದು ಪಿಸುಗುಟ್ಟಿದಳು. “ಯಾರೋ ತಪ್ಪು ಬರೆದುಬಿಟ್ಟಿದ್ದಾರೆ ತಮ್ಮ, ನಾನು ಕೆಲಸ ಇಲ್ದೋಳು ಅಂತ. ದಿನಾ ಹೇಳ್ತಿದ್ದೀನಿ, ನಮ್ಮ ಮಾಸ್ತರು ಬರಲಿ, ಅವನ ಮಾತು ಕೇಳಿ, ಅವನು ಸುಳ್ಳು ಹೇಳೋನಲ್ಲ ಅಂತ. ನಡಿ, ಹೇಳು ನಡಿ.”

ಮಾಸ್ತರು ಅಲ್ಲೇ ಹೇಳಿಬಿಡಬಹುದಿತ್ತು, ಕಿವಿಯಲ್ಲಿ, ಯಾರಿಗೂ ಕೇಳದ ಹಾಗೆ. ಅಷ್ಟರಲ್ಲಿ ಅವಳು ಅವರನ್ನು ಎಳೆದುಕೊಂಡು ಮೇಲ್ವಿಚಾರಕಿಯ ಕೋಣೆಯೊಳಗೆ ಹೋಗಿಯಾಗಿತ್ತು.

ಮೇಲ್ವಿಚಾರಕಿ ಒಳ್ಳೆಯ ಹೆಂಗಸು, ಸುಸ್ತಾದ ಹೆಂಗಸು. ಮೇಜಿನ ತುಂಬ ಕಡತ. “ನಮ್ಮದೇನು ಜೈಲಲ್ಲಪ್ಪ. ಆದರೆ ಕಾಗದ ಇದೆ ನೋಡಿ,” ಎಂದು ಹಾಳೆ ತೆಗೆದು, ಅಕ್ಷರ ಬಾರದ ಕಾಜಕ್ಕನಿಗೂ ತಿಳಿಯಲಿ ಎಂದು ಜೋರಾಗಿ ಓದಿದಳು. “ಒಂಟಿ ವೃದ್ಧೆ. ಕೆಲಸ ಇಲ್ಲ. ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಾಳೆ. ಮಾಹಿತಿ ಕೊಟ್ಟವರು, ಹೊಲಿಗೆ ಅಂಗಡಿ ಮಾಲೀಕರು. ಸಹಿ ಇದೆ.”

“ಯಾವ ಹೊಲಿಗೆ ಅಂಗಡಿ?” ಎಂದಳು ಕಾಜಕ್ಕ. “ನಮ್ಮ ಬೀದೀಲಿ ಇರೋದು ಒಂದೇ ಅಂಗಡಿ.”

ಅಂದವಳು ಮಾಸ್ತರ ಕಡೆ ತಿರುಗಿದಳು. ಅವರ ತೋಳು ಹಿಡಿದಿದ್ದ ಕೈ ತಾನಾಗಿ ಜಾರಿತು.

“ನಾನೇ ಅಕ್ಕ,” ಎಂದರು ಮಾಸ್ತರು. ಮೇಲ್ವಿಚಾರಕಿಗೆ, “ಸುಳ್ಳು ಹೇಳಿದೆ ತಾಯಿ. ಅವಳು ನನ್ನ ಅಂಗಡೀಲಿ ಮೂವತ್ತೊಂದು ವರ್ಷದಿಂದ ದುಡೀತಿದ್ದಾಳೆ. ಹಾಗಂತ ಬರ್ಕೊಳ್ಳಿ” ಎಂದರು.

“ಆವತ್ತು ಹೇಳಿದ್ದು ಸುಳ್ಳು, ಇವತ್ತು ಹೇಳ್ತಿರೋದು ನಿಜ ಅಂತ ನಾನು ಹೇಗೆ ನಂಬಲಿ?” ಅವಳ ಮಾತೂ ಸರಿಯೇ. “ಕರುಣೆಗೆ ಕರಕೊಂಡು ಹೋಗ್ತಾರೆ, ತಿಂಗಳಾದ ಮೇಲೆ ಬೀದಿಗೆ ಬಿಡ್ತಾರೆ. ಎಷ್ಟು ನೋಡಿದ್ದೀನಿ. ಈ ವಯಸ್ಸಲ್ಲಿ ಹೊಲಿಗೆ ಆಗುತ್ತಾ ಇವರಿಗೆ?”

“ಸೂಜಿ ಕೊಡಿ,” ಎಂದಳು ಕಾಜಕ್ಕ. ಅವಳ ದನಿ ಬೇರೆಯಾಗಿತ್ತು. “ಕೋಟು ತೆಗಿ.”

ಮೇಲ್ವಿಚಾರಕಿ ಮೇಜಿನ ಖಾನೆಯಿಂದ ತನ್ನದೊಂದು ಸೂಜಿ, ಕಾಜಕ್ಕನಿಂದ ತೆಗೆದಿಟ್ಟಿದ್ದ ಹಿತ್ತಾಳೆ ಟೋಪಿ ಕೊಟ್ಟಳು. ನೀಲಿ ನೂಲು ಕೋಟಿನ ಜೇಬಿನಲ್ಲೇ ಇತ್ತು. ಕಾಜಕ್ಕ ಕಿಟಕಿಯ ಕಡೆ ಮುಖ ಮಾಡಿ ಕೂತಳು. ನೂಲು ಪೋಣಿಸಲು ಆರು ಸಲ ತಪ್ಪಿತು. ಮಾಸ್ತರು ಅರಿವಿಲ್ಲದೆ ಕೈ ಚಾಚಿದರು. ಅವಳು ಭುಜ ತಿರುಗಿಸಿ ಸೂಜಿಯನ್ನು ಆಚೆಗೆ ಹಿಡಿದಳು. ಏಳನೇ ಸಲಕ್ಕೆ ನೂಲು ಹೋಯಿತು. ಆಮೇಲೆ ಕೋಣೆಯಲ್ಲಿ ಕಡತ ಮಗುಚುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಒಂದು ಕಾಜಾ ಮುಗಿಯುವ ಹೊತ್ತಿಗೆ ಮೇಲ್ವಿಚಾರಕಿ ಎಂಟು ಹತ್ತು ಕಾಗದಕ್ಕೆ ಸಹಿ ಹಾಕಿದ್ದಳು. ಕಾಜಕ್ಕ ಹಲ್ಲಿನಿಂದ ನೂಲು ಕಡಿದು ಕೋಟನ್ನು ಮೇಜಿನ ಮೇಲೆ ಹರಡಿದಳು.

“ಅಯ್ಯೋ, ಚೆನ್ನಾಗೇ ಇದೆಯಲ್ಲ! ನನಗಂತೂ ಇಷ್ಟೂ ಬರಲ್ಲ,” ಎಂದಳು ಮೇಲ್ವಿಚಾರಕಿ. “ಏನು ಮಾಸ್ತರೇ, ನೀವು ಕೆಲಸ ಗೊತ್ತಿರೋರು. ಹೇಳಿ.”

ಮಾಸ್ತರು ಬಗ್ಗಿ ನೋಡಿದರು. ಎಳೆಗಳು ಒಂದು ಉದ್ದ, ಒಂದು ಗಿಡ್ಡ. ತುದಿಯಲ್ಲಿ ಬಟ್ಟೆಯ ಅಂಚು ಹಸಿಯಾಗಿ ಇಣುಕುತ್ತಿತ್ತು. ಚೆನ್ನಾಗಿದೆ ಎಂದರೆ ಮುಗಿಯಿತು: ಹಾಳೆ ತಿದ್ದುತ್ತಾರೆ, ಅವಳು ಮನೆಗೆ ಬರುತ್ತಾಳೆ, ನಾಳೆ ಬೆಳಿಗ್ಗೆ ಮತ್ತೆ ಅದೇ ಬ್ಲೇಡು. ಸರಿಯಿಲ್ಲ ಎಂದರೆ ಅವಳು ಇಲ್ಲೇ ಉಳಿದರೂ ಉಳಿದಾಳು. ಅವಳು ಅವರನ್ನೇ ನೋಡುತ್ತಿದ್ದಳು.

“ಕಾಜಾ ಸರಿಯಿಲ್ಲ ಅಕ್ಕ,” ಎಂದರು. ಎಷ್ಟೋ ತಿಂಗಳು ಗಂಟಲಲ್ಲಿ ಕೂತಿದ್ದ ಮಾತು, ಹೊರಬಿದ್ದಾಗ ಇಷ್ಟೇ ಇಷ್ಟಿತ್ತು. “ಸಡಿಲ ಇದೆ. ಎರಡು ಸಲ ಗುಂಡಿ ಹಾಕಿ ತೆಗೆದರೆ ಬಿಚ್ಚಿಕೊಳ್ಳುತ್ತೆ. ವಕೀಲರ ಕೋಟು ಹಾಗೇ ಬಿಚ್ಚಿಕೊಂಡಿದ್ದು. ಆವಾಗಿಂದ ನಿನ್ನ ಕಾಜಾ ಎಲ್ಲಾ ನಾನು ಬೆಳಿಗ್ಗೆ ಬಂದು ಬಿಚ್ಚಿ ಹೊಲೀತಿದ್ದೆ.”

“ಎಲ್ಲಾನೂ?”

“ಎಲ್ಲಾನೂ.”

“ಡಾಕ್ಟರ ಬಿಳೀ ಕೋಟು?”

“ಅದೂನೂ.”

“ಅದನ್ನ ನೀನು ಬೆಳಕಿಗೆ ಹಿಡಿದು ಹೊಗಳಿದೆ,” ಎಂದಳು ಅವಳು ನಿಧಾನವಾಗಿ. “ನಾನು ಆವತ್ತು ಕೋಣೆಗೆ ಹೋಗಿ ಒಬ್ಬಳೇ ನಕ್ಕಿದ್ದೆ, ಇನ್ನೂ ಕೈ ಇದೆ ಅಂತ.”

ಫಾರಂ ವಿಷಯಕ್ಕೆ ಕೆರಳದವಳ ಮುಖ ಈಗ ಕೆಂಪಾಗಿತ್ತು. ಹೊಡೆಯುತ್ತಾಳೇನೋ ಎನಿಸಿತು ಮಾಸ್ತರಿಗೆ. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಕೋಟನ್ನು ಎಳೆದುಕೊಂಡು, ತಾನು ಈಗಷ್ಟೇ ಹಾಕಿದ ಕಾಜಾವನ್ನು ಉಗುರಿನಿಂದ ಮೀಟಿ ನೋಡಿದಳು. ಎಳೆ ಸುಲಭವಾಗಿ ಎದ್ದು ಬಂತು. ಅದನ್ನೇ ನೋಡುತ್ತಾ ಕೂತಳು.

ಮೇಲ್ವಿಚಾರಕಿ ಗಲಿಬಿಲಿಗೊಂಡು, “ಹಾಗಾದರೆ ಕೆಲಸ ಆಗಲ್ಲ ಅಂತಾನೇ ಆಯ್ತಲ್ಲ?” ಎಂದಳು.

“ಕಾಜಾ ಆಗಲ್ಲ ತಾಯಿ. ಕೆಲಸ ಆಗುತ್ತೆ. ಬಟ್ಟೇನ ಬೆರಳಲ್ಲಿ ಉಜ್ಜಿ ಇದು ಒಗೆದರೆ ಎಷ್ಟು ಕುಗ್ಗುತ್ತೆ ಅಂತ ಹೇಳ್ತಾಳೆ, ನನಗೆ ಇವತ್ತಿಗೂ ಅದು ಬರಲ್ಲ. ಹಳೇ ಕೋಟಿನ ಸವೆದ ಕಾಲರು ಬಿಚ್ಚಿ ಮಗುಚಿ ಹೊಸದರ ಹಾಗೆ ಮಾಡೋದು ಅವಳಿಗೇ ಗೊತ್ತು. ನನ್ನ ಮಗಳಿಗೆ ಸೂಜಿ ಹಿಡಿಯೋದು ಕಲಿಸಿದ್ದು ನಾನಲ್ಲ, ಇವಳು. ಇದನ್ನೆಲ್ಲ ಆವತ್ತೇ ಹೇಳಬೇಕಿತ್ತು, ಆ ಹುಡುಗಿಗೂ, ಇವಳಿಗೂ. ಬಾಯಿ ಬರಲಿಲ್ಲ. ಬರ್ಕೊಳ್ಳಿ, ನನ್ನ ಅಂಗಡೀಲಿ ಅವಳಿಗೆ ಕೆಲಸ ಇದೆ, ಮುಂದೂ ಇರುತ್ತೆ.”

“ಮಾಸ್ತರೇ,” ಎಂದಳು ಕಾಜಕ್ಕ. ಮೂವತ್ತೊಂದು ವರ್ಷದಲ್ಲಿ ಅವರನ್ನು ಎದುರಿಗೆ ಹಾಗೆ ಕರೆದದ್ದು ಅದೇ ಮೊದಲು. “ಬರೆಸೋ ಮುಂಚೆ ನನ್ನನ್ನ ಒಂದು ಮಾತು ಕೇಳಿ.”

ಮಾಸ್ತರು ಕೇಳಿದರು. “ಬರ್ತೀಯಾ ಅಕ್ಕ?”

ಅವಳು ಎದ್ದು ಬಂದ ಎಳೆಯನ್ನು ಬೆರಳಿಗೆ ಸುತ್ತಿದಳು. ಪಕ್ಕದ ಉದ್ದ ಕೋಣೆಯಲ್ಲಿ ಯಾರೋ ಕೆಮ್ಮಿದರು, ಊಟದ ತಟ್ಟೆಗಳ ಸದ್ದಾಯಿತು. ಕೊನೆಗೆ ಮೇಲ್ವಿಚಾರಕಿಯ ಕಡೆ ತಿರುಗಿ, “ಬರ್ಕೊಳ್ಳಿ. ದುಡಿಯೋಳು ಅಂತ” ಎಂದಳು.

ಹಾಳೆಯಲ್ಲಿ ಒಂದು ಸಾಲಿಗೆ ಗೀಟು ಬಿತ್ತು, ಇನ್ನೊಂದಕ್ಕೆ ಗುರುತು ಬಿತ್ತು. ಸುಳ್ಳು ಮಾಹಿತಿ ಕೊಟ್ಟಿದ್ದೆ ಎಂದು ಮಾಸ್ತರು ಬರೆದುಕೊಟ್ಟು ಕೆಳಗೆ ಸಹಿ ಮಾಡಿದರು. ಅಳತೆ ಪುಸ್ತಕದ ಸಹಿಯಂತೆ ಅದು ಸಲೀಸಾಗಿ ಬರಲಿಲ್ಲ.

ಹೊರಗೆ ರಸ್ತೆಯಲ್ಲಿ ಅವಳು ಮುಂದೆ ನಡೆದಳು. ಚೀಲ ಹಿಡಿದು ಮಾಸ್ತರು ಹಿಂದೆ. ಬಸ್ ನಿಲ್ದಾಣದಲ್ಲಿ ನೆರಳಿತ್ತು, ಬೆಂಚಿತ್ತು, ಅವಳು ಕೂರಲಿಲ್ಲ.

“ಅಕ್ಕಾ, ಬೈದುಬಿಡು. ನಾಲ್ಕು ಮಾತು ಬೈದುಬಿಡು.”

“ಯಾಕೆ? ನಿಮಗೆ ಹಗುರ ಆಗಲಿ ಅಂತಾನಾ?”

ಮಾಸ್ತರು ತಲೆ ತಗ್ಗಿಸಿದರು. ಅದೇ ಆಸೆಯಿತ್ತು, ಸುಳ್ಳಲ್ಲ.

“ಇನ್ನು ಕಾಜಾ ಯಾರು ಹಾಕ್ತಾರೆ?” ಎಂದು ಅವಳೇ ಕೇಳಿದಳು, ರಸ್ತೆಯ ಕಡೆ ನೋಡುತ್ತಾ.

“ಮೆಷಿನ್ ತರಿಸೋಣ ಅಂತಾಳೆ ಮಗಳು.”

“ತರಿಸಿ. ನಾನು ಅಲ್ಲಿರೋವಾಗಲೇ ತರಿಸಿ. ಹೇಗೆ ಹೊಲಿಯುತ್ತೆ ನಾನೂ ನೋಡಬೇಕು.” ಆಮೇಲೆ ಅಂದಳು, “ನಾಳೆ ನಾನು ಬರಲ್ಲ. ನಾಳೆ ನಿಮ್ಮ ಮುಖ ನೋಡೋಕೆ ನನ್ನ ಕೈಲಾಗಲ್ಲ. ನಾಡಿದ್ದು ನೋಡೋಣ.”

“ನಾಡಿದ್ದು,” ಎಂದರು ಮಾಸ್ತರು, ಅಷ್ಟನ್ನೇ ಹಿಡಿದುಕೊಂಡು.

ಬಸ್ಸು ಬಂತು. ಅರ್ಧಕ್ಕರ್ಧ ಖಾಲಿಯಿತ್ತು. ಅವಳು ಕಿಟಕಿ ಪಕ್ಕ ಇಬ್ಬರು ಕೂರುವ ಸೀಟಿನಲ್ಲಿ ಕೂತು, ಕೈ ಚಾಚಿ ಅವರಿಂದ ಚೀಲ ತೆಗೆದುಕೊಂಡು ಪಕ್ಕದ ಖಾಲಿ ಜಾಗದಲ್ಲಿಟ್ಟಳು. ಹಿಂದೆ ಎಷ್ಟೋ ಸೀಟುಗಳಿದ್ದವು. ಮಾಸ್ತರು ಕಂಬಿ ಹಿಡಿದು ಅವಳ ಪಕ್ಕದಲ್ಲೇ ನಿಂತರು, ತಮ್ಮ ಬೀದಿ ಬರುವವರೆಗೂ.